ನಾಲ್ಕು-ಹದಿನೇಳು ಕರೆದಿದ್ದ

ಆ ದೀಪ ಸ್ವಲ್ಪ ಸಣ್ಣದು ಮಾಡಿ. ಇದನ್ನ ನಾನು ಹಗಲಲ್ಲಿ ಹೇಳಲ್ಲ. ಹಗಲಲ್ಲಿ ಹೇಳಿದ್ರೆ ನೀವು ನಗ್ತೀರಿ, ನೀವು ನಕ್ರೆ ನನಗೆ ಸಿಟ್ಟು ಬರುತ್ತೆ. ಸುಮ್ನೆ ಯಾಕೆ...

ಆಗಿದ್ದು ನನ್ನ ಚಿಕ್ಕಪ್ಪನ ಮಗ ವರ್ಲಿನ್‌ಗೆ. ಫೆಬ್ರವರಿ ಕೊನೆ. ಅವನ ಟ್ರಕ್ಕು ಗ್ಯಾರೇಜಿನಲ್ಲಿತ್ತು, ಅದಕ್ಕೆ ಫೈರ್ ಸ್ಟೇಷನ್‌ನಿಂದ ನಡ್ಕೊಂಡು ಮನೆಗೆ ಹೊರಟಿದ್ದ. ನಮ್ಮ ಟರ್ಕಿಪೆನ್ ಕಣಿವೆಯಲ್ಲಿ ಎರಡೂ ಕಡೆ ಗುಡ್ಡ, ಸೂರ್ಯ ಜಾರಿದ ಅಂದ್ರೆ ಕತ್ತಲು ತಟ್ಟನೆ ಬೀಳುತ್ತೆ. ಕೆಳಸೇತುವೆ ದಾಟಿದ. ಸೇತುವೆ ಪಕ್ಕದಲ್ಲೇ ಹಾರ್ಲಿಸ್ ಕೂಂಬ್ಸ್‌ನ ಹಳೇ ಬಾವಿ. ನಾಲ್ಕು ಕಂಬ, ಮೇಲೊಂದು ತಗಡಿನ ಸೂರು. ಆ ಬಾವಿ ಹತ್ರ ಬಂದಾಗ ಸೊಂಟದ ರೇಡಿಯೋ ಸದ್ದು ಮಾಡ್ತು.

ಟಿಕ್... ಖಶ್ಶ್ಶ್...

ಯಾರೋ ಗುಂಡಿ ಒತ್ತಿದ ಸದ್ದು. ಆಮೇಲೆ ನೀರು. ಸಣ್ಣ ನೀರಲ್ಲ, ಕಲ್ಲು ಉರುಳಿಸ್ಕೊಂಡು ಬರೋ ನೀರು, ಗುಡುಗುಡು ಅಂತ. ವರ್ಲಿನ್ ತಿರುಗಿ ಹಳ್ಳ ನೋಡಿದ. ಹಳ್ಳದಲ್ಲಿ ಪಾದ ಮುಳುಗೋವಷ್ಟೂ ನೀರಿರಲಿಲ್ಲ. ಸದ್ದು ಬರ್ತಾ ಇದ್ದಿದ್ದು ರೇಡಿಯೋದಿಂದ.

"ನಾಲ್ಕು-ಹದಿನೇಳು..." ಅಂತು ರೇಡಿಯೋ. "ಕೆಳಸೇತುವೆ ಹತ್ರ ಇದೀನಿ... ಕೇಳಿಸ್ತಿದೆಯಾ?"

ರೇಡಿಯೋದಲ್ಲಿ ನಾಲ್ಕು-ಹದಿನೇಳು ಅಂದ್ರೆ ಹಾರ್ಲಿಸ್‌ನ ನಂಬರು. ಹಾರ್ಲಿಸ್‌ನ ಮಣ್ಣು ಮಾಡಿ ಅವತ್ತಿಗೆ ಹದಿನಾರು ದಿನ ಆಗಿತ್ತು.

ತಾಳಿ, ರೇಡಿಯೋ ವಿಷಯ ಹೇಳದೆ ಮುಂದೆ ಹೋದ್ರೆ ನಿಮಗೆ ಅರ್ಥ ಆಗಲ್ಲ. ನಾನು ಜಿಲ್ಲೆಯ ಕಂಟ್ರೋಲ್ ರೂಮಿನಲ್ಲಿ ಕೂರೋಳು. ಬೆಂಕಿ, ಆಂಬುಲೆನ್ಸು, ಪ್ರವಾಹ, ಎಲ್ಲಾ ಕರೆಗೂ ಉತ್ತರ ಕೊಡೋದು ಈ ಗ್ಲೆನ್ನಾಳ ಬಾಯಿ. ನಮ್ಮ ಕಡೆ ಬೆಂಕಿ ಆರಿಸೋರಿಗೆ ಸಂಬಳ ಇಲ್ಲ, ಎಲ್ಲಾ ಊರಿನೋರೇ. ಬೆಂಕಿ ದಳದ ಹತ್ರ ಇರೋ ರೇಡಿಯೋ ಆರೋ ಏಳೋ. ಮಿಕ್ಕೋರು ಸ್ವಂತಕ್ಕೆ ಅಗ್ಗದ್ದೊಂದು ತರಿಸ್ಕೊಂಡು ವರ್ಲಿನ್ ಹತ್ರ ಒಯ್ತಾರೆ. ಅವನು ಕಂಪ್ಯೂಟರಿಗೆ ವೈರ್ ಚುಚ್ಚಿ ಚಾನೆಲ್ಲುಗಳನ್ನ ತುಂಬಿಸಿ ಕೊಡ್ತಾನೆ.

ಆ ತುಂಬಿಸೋದ್ರಲ್ಲೊಂದು ಗುಟ್ಟಿದೆ. ಗುಡ್ಡದ ತುದಿಯಲ್ಲಿ ಒಂದು ರಿಪೀಟರ್ ಪೆಟ್ಟಿಗೆ. ಕೈಯಲ್ಲಿರೋ ರೇಡಿಯೋ ಮಾತನ್ನ ಅದು ಎತ್ಕೊಂಡು ಜಿಲ್ಲೆಗೆಲ್ಲಾ ಕೇಳಿಸುತ್ತೆ. ಆದ್ರೆ ಎಲ್ಲರ ಮಾತೂ ಎತ್ಕೊಳಲ್ಲ. ಮಾತಿನ ಅಡಿಯಲ್ಲಿ ಒಂದು ಸಣ್ಣ ಸ್ವರ ಹೋಗ್ಬೇಕು, ಮನುಷ್ಯರ ಕಿವಿಗೆ ಗೊತ್ತೇ ಆಗದ ಸ್ವರ. ನಮ್ಮ ಸ್ವರದ ನಂಬರು ನೂರ ಮೂರೂವರೆ. ಆ ಸ್ವರ ಇದ್ರೆ ಪೆಟ್ಟಿಗೆ ಬಾಗಿಲು ತೆಗೆಯುತ್ತೆ. ಇಲ್ದಿದ್ರೆ ನೀವು ಗಂಟಲು ಹರ್ಕೊಂಡ್ರೂ ಮಿಸುಕಲ್ಲ. ಕಂಪ್ಯೂಟರಿನ ಪಟ್ಟಿಯಲ್ಲಿ ಇದಕ್ಕೆ ಎರಡು ಕಾಲಂ. ಒಂದು ಕೇಳೋಕೆ, ಒಂದು ಮಾತಾಡೋಕೆ.

ಜನವರಿಯಲ್ಲಿ ಹಾರ್ಲಿಸ್ ತನ್ನ ಹೊಸ ರೇಡಿಯೋ ಹಿಡ್ಕೊಂಡು ವರ್ಲಿನ್ ಅಡುಗೆಮನೆಗೆ ಬಂದ. ಇಪ್ಪತ್ತು ವರ್ಷ ಸ್ಕೂಲ್ ಬಸ್ ಓಡಿಸಿದ ಮನುಷ್ಯ, ಐವತ್ತೆಂಟಕ್ಕೆ ದಳ ಸೇರಿದ್ದ.

"ಏನೋ ಹಾರ್ಲಿಸ್, ಮೊಮ್ಮಗನ ಆಟಿಕೆ ಕದ್ಕೊಂಡು ಬಂದ್ಯಾ?" ಅಂದ ವರ್ಲಿನ್.

"ಮೂವತ್ತು ಡಾಲರ್ ಕಣೋ! ಚೀಫ್ ಕೊಡೋ ರೇಡಿಯೋಗೆ ಕಾಯ್ತಾ ಕೂತ್ರೆ, ನನ್ನ ಹೆಣದ ಮೇಲೆ ತಂದಿಡ್ತಾನೆ ಅಷ್ಟೆ."

ಇಬ್ರೂ ನಕ್ಕರು. ವರ್ಲಿನ್ ಕೇಳೋ ಕಾಲಂ ಪೂರ್ತಿ ತುಂಬಿದ. ಅಷ್ಟರಲ್ಲಿ ಅವನ ಹೆಂಡತಿ ಬೀನ್ಸ್ ಸಾರು, ಮೆಕ್ಕೆಜೋಳದ ಬ್ರೆಡ್ಡು ತಂದಿಟ್ಟಳು. ಟೀವಿಯಲ್ಲಿ ಬ್ಯಾಸ್ಕೆಟ್‌ಬಾಲ್ ಬೇರೆ. ತಿಂದು ಬಂದೋನು ಮಾತಾಡೋ ಕಾಲಮ್ಮನ್ನೂ ತುಂಬಿದೀನಿ ಅಂದ್ಕೊಂಡು ರೇಡಿಯೋಗೆ ಇಳಿಸ್ಬಿಟ್ಟ. ನನ್ನ ಧ್ವನಿ ಗಟ್ಟಿಯಾಗಿ ಬಂತು, ಯಾವುದೋ ಆಂಬುಲೆನ್ಸಿಗೆ ದಾರಿ ಹೇಳ್ತಿದ್ದೆ.

"ಒಂದ್ಸಲ ಮಾತಾಡಿ ನೋಡ್ಲಾ?" ಕೇಳಿದ ಹಾರ್ಲಿಸ್.

"ಬೇಡಪ್ಪ! ಇವತ್ತು ಗ್ಲೆನ್ನಾ ಕೂತಿದಾಳೆ, ತಿಂದು ಹಾಕ್ತಾಳೆ. ಕೇಳಿಸ್ತಿದೆಯಲ್ಲ? ಹಂಗಾದ್ರೆ ಸರಿ ಇದೆ ಅಂತ."

ಅವನು ಹಂಗಂದಿದ್ದಕ್ಕೆ ಕಾರಣ ನಾನೇ. ಅದರ ಹಿಂದಿನ ವಾರ ಒಬ್ಬ ಹುಚ್ಚಪ್ಪ ಹೊಸ ರೇಡಿಯೋ ಪರೀಕ್ಷೆ ಅಂತ ನಾಲ್ಕು ಸಲ ನನ್ನ ಚಾನೆಲ್ಲಿಗೆ ಬಂದಿದ್ದ. ಜಿಲ್ಲೆಗೆಲ್ಲಾ ಕೇಳಿಸೋ ಹಾಗೆ ಬೈದಿದ್ದೆ. "ಇದು ಆಟದ ಸಾಮಾನಲ್ಲ. ಇನ್ನೊಬ್ರು ಪರೀಕ್ಷೆ ಅಂತ ಬಂದ್ರೆ ಹೆಸರು ಬರ್ಕೊಂಡು ಚೀಫ್‌ಗೆ ಕಳಿಸ್ತೀನಿ!" ಜನ ನಕ್ಕಿದ್ರು, ನನಗೂ ಒಳಗೊಳಗೇ ಹೆಮ್ಮೆ ಆಗಿತ್ತು.

ಇನ್ನೂ ಇದೆ. ಪ್ರವಾಹ ಬಂದಿದ್ದು ಶುಕ್ರವಾರ. ಅದಕ್ಕೆ ಎರಡು ದಿನ ಮೊದಲು, ಬುಧವಾರ, ವರ್ಲಿನ್ ಇನ್ನೊಬ್ಬನ ರೇಡಿಯೋಗೆ ಅಂತ ಅದೇ ಪಟ್ಟಿ ತೆಗೆದ. ನಾಲ್ಕನೇ ಚಾನೆಲ್ಲು, ಗುಡ್ಡದ ಚಾನೆಲ್ಲು... ಮಾತಾಡೋ ಕಾಲಂ ಖಾಲಿ. ನೋಡಿದ. ಛೆ ಅಂದ್ಕೊಂಡ. ಫೋನ್ ಮಾಡಿದ್ರೆ ಹಾರ್ಲಿಸ್ ಆಡ್ಕೊಂಡು ನಗ್ತಾನೆ, ಭಾನುವಾರ ಚರ್ಚಿನಲ್ಲಿ ಸಿಗ್ತಾನಲ್ಲ, ಆವಾಗ ಸರಿ ಮಾಡಿದ್ರಾಯ್ತು ಅಂದ್ಕೊಂಡ.

ಶುಕ್ರವಾರ ಸಂಜೆ ಹಳ್ಳ ಉಕ್ಕಿತು. ಹಾರ್ಲಿಸ್ ಯಾರೂ ಹೇಳೋ ಮುಂಚೆ ಟ್ರಕ್ಕಿನಲ್ಲಿ ಹಲಗೆ ತಗೊಂಡು ಕೆಳಸೇತುವೆಗೆ ಹೋಗಿ ಎರಡೂ ಕಡೆ ದಾರಿ ಕಟ್ಟಿದ, ಯಾರ ಕಾರೂ ನೀರಿಗೆ ಇಳಿಬಾರದು ಅಂತ. ವಾಪಸ್ ಬರುವಾಗ ಟ್ರಕ್ಕೇ ಕೊಚ್ಚಿ ಹೋಯ್ತು. ಇದೆಲ್ಲ ನಮಗೆ ಗೊತ್ತಾಗಿದ್ದು ಮಾರನೇ ದಿನ. ಶುಕ್ರವಾರ ರಾತ್ರಿ ನಾನು ಹನ್ನೊಂದು ಸಲ ಕೇಳಿದೀನಿ... "ನಾಲ್ಕು-ಹದಿನೇಳು, ಎಲ್ಲಿದೀಯ?" ಒಂದಕ್ಕೂ ಉತ್ತರ ಇಲ್ಲ. ಅವನು ಎಲ್ಲಿದಾನೆ ಅಂತ ಗೊತ್ತಾಗದೆ ದೋಣಿನ ಮೇಲಿನ ಹಳ್ಳಿಗೆ ಕಳಿಸಿದೆ. ಬೆಳಿಗ್ಗೆ ಅವನು ಸಿಕ್ಕಾಗ ರೇಡಿಯೋ ಮಣಿಕಟ್ಟಿಗೆ ದಾರದಲ್ಲಿ ಕಟ್ಕೊಂಡಿದ್ದ.

ನಮ್ಮಲ್ಲಿ ದಳದವನು ಸತ್ತರೆ ಕೊನೆಯ ಕರೆ ಅಂತ ಮಾಡ್ತೀವಿ. ಮಣ್ಣು ಮಾಡೋ ಹೊತ್ತಿಗೆ ಕಂಟ್ರೋಲ್ ರೂಮಿನಿಂದ ಅವನ ನಂಬರನ್ನ ಮೂರು ಸಲ ಕರೀತೀವಿ. ಉತ್ತರ ಬರಲ್ಲ. ಆಮೇಲೆ, ಇವನ ಕೆಲಸ ಮುಗೀತು, ಮನೆಗೆ ಹೋದ ಅಂತ ಹೇಳ್ತೀವಿ. ಹಾರ್ಲಿಸ್‌ಗೆ ಅದು ಸಿಗಲಿಲ್ಲ.

"ಹೇಳ್ದೆ ಹೋದೋನಿಗೆ ಕರೆ ಕೊಟ್ರೆ ನಾಳೆ ಎಲ್ಲಾ ಹುಡುಗ್ರೂ ಹೇಳ್ದೆ ಹೋಗ್ತಾರೆ ಡ್ರೀಮಾ," ಅಂದ ಚೀಫ್ ಎಲ್ಡನ್. ಅವನಿಗೂ ಸಂಕಟವೇ, ಆದ್ರೆ ನಿಯಮ ಅಂದ್ರೆ ನಿಯಮ ಅನ್ನೋ ಮನುಷ್ಯ.

ಡ್ರೀಮಾ ಹಾರ್ಲಿಸ್‌ನ ಹೆಂಡತಿ. ಅವಳು ಕಣ್ಣೀರು ಹಾಕಲಿಲ್ಲ. "ನನ್ನ ಗಂಡ ಬಚ್ಚಲಿಗೆ ಹೋಗೋದಿದ್ರೂ ಹೇಳಿ ಹೋಗ್ತಿದ್ರು ಎಲ್ಡನ್," ಅಂದ್ಲು. "ಅವರು ಕರೆದಿರ್ತಾರೆ. ನೀವ್ಯಾರೂ ಕೇಳಿಸ್ಕೊಂಡಿಲ್ಲ."

ವರ್ಲಿನ್ ಹಿಂದೆ ನಿಂತು ತನ್ನ ಬೂಟು ನೋಡ್ಕೊಂಡಿದ್ದ.

ಈಗ ಬಾವಿ ಹತ್ರ ಬನ್ನಿ.

ವರ್ಲಿನ್ ರೇಡಿಯೋ ಕೈಗೆ ತಗೊಂಡ. ಪರದೆ ಮೇಲೆ ಒಂದು ಸಣ್ಣ ಗುರುತು ಹೊತ್ತಿತ್ತು. ಗುಡ್ಡದ ಪೆಟ್ಟಿಗೆ ಬಿಟ್ಟು ಹತ್ತಿರದ ರೇಡಿಯೋನ ನೇರ ಕೇಳೋ ಗುಂಡಿ ಒಂದಿರುತ್ತೆ, ಅದು ಒತ್ತಿದಾಗ ಬರೋ ಗುರುತು. ಅವನು ಒತ್ತಿರಲಿಲ್ಲ. ಸ್ವರ ಇಲ್ಲದ ರೇಡಿಯೋ ಮಾತು ಕೇಳೋದು ಆ ದಾರಿಯಲ್ಲೊಂದೇ.

"ಬಾವಿ ಸೂರು ಹಿಡ್ಕೊಂಡಿದೀನಿ..." ಖಶ್ಶ್. ಸ್ವಲ್ಪ ಹೊತ್ತು ಏನಿಲ್ಲ. "ಇಲ್ಲ, ಮೇಲಿನ ಹಳ್ಳಿ ಅಲ್ಲ... ಕೆಳಸೇತುವೆ..."

ತಗಡಿನ ಸೂರು ಒಂದೇ ಸಲ ಕಿರ್ರ್ ಅಂತು. ಗಾಳಿ ಇರಲಿಲ್ಲ.

ವರ್ಲಿನ್ ನಮ್ಮ ಮನೆಗೆ ಓಡಿ ಬಂದ. ಬಾಗಿಲು ತೆಗೆದ್ರೆ ಮುಖದಲ್ಲಿ ರಕ್ತ ಇಲ್ಲ. ಅಡುಗೆಮನೆ ಕುರ್ಚಿಯಲ್ಲಿ ಕೂತು ಎಲ್ಲಾ ಹೇಳ್ದ. ಖಾಲಿ ಕಾಲಂ, ಬುಧವಾರ, ಭಾನುವಾರ. ನಾನು ಬೈಯೋಕೆ ಬಾಯಿ ತೆಗೆದೆ... ಮಾತಾಡಿ ನೋಡೋದು ಬೇಡ ಅಂತ ಅವನು ಯಾಕೆ ಅಂದಿದ್ದ ಅನ್ನೋದು ಆಗಲೇ ನೆನಪಾಯ್ತು. ಅವನ ಎದುರು ಕುರ್ಚಿ ಎಳ್ಕೊಂಡು ಕೂತೆ.

"ನನಗೆ ತಲೆ ಕೆಟ್ಟಿದೆ ಅಂತೀಯಾ ಗ್ಲೆನ್ನಾ?"

"ನಾಳೆ ನಾನೂ ಬರ್ತೀನಿ," ಅಂದೆ.

ನಮ್ಮ ರೂಮಿನಲ್ಲಿ ಆಡಿದ ಮಾತೆಲ್ಲಾ ರೆಕಾರ್ಡ್ ಆಗುತ್ತೆ. ಆ ಶುಕ್ರವಾರದ್ದನ್ನ ಫೋನಿಗೆ ಹಾಕ್ಕೊಂಡೆ. ಹಂಗೆ ಮಾಡಬಾರದು, ಗೊತ್ತು. ಮಾರನೇ ಸಂಜೆ ಕತ್ತಲಾಗುವಾಗ ಇಬ್ರೂ ಬಾವಿ ಹತ್ರ ನಿಂತ್ವಿ. ಟಿಕ್ ಅಂತು. ನೀರಿನ ಸದ್ದು ಶುರುವಾಯ್ತು. ನಾನು ಫೋನ್ ಒತ್ತಿದೆ.

ಫೋನಿನಲ್ಲಿ ನಾನು: "ನಾಲ್ಕು-ಹದಿನೇಳು, ಎಲ್ಲಿದೀಯ?"

ರೇಡಿಯೋದಲ್ಲಿ ಅವನು: "ಕೆಳಸೇತುವೆ ಹತ್ರ ಇದೀನಿ... ಕೇಳಿಸ್ತಿದೆಯಾ?"

ಫೋನಿನಲ್ಲಿ ನಾನು: "ನಾಲ್ಕು-ಹದಿನೇಳು, ಉತ್ತರ ಕೊಡು."

"ಬಾವಿ ಸೂರು ಹಿಡ್ಕೊಂಡಿದೀನಿ..."

ಫೋನಿನಲ್ಲಿ ನಾನು: "ಎರಡನೇ ದೋಣಿ, ಮೇಲಿನ ಹಳ್ಳಿಗೆ ಹೋಗಿ."

"ಇಲ್ಲ, ಮೇಲಿನ ಹಳ್ಳಿ ಅಲ್ಲ... ಕೆಳಸೇತುವೆ... ಗ್ಲೆನ್ನಾ, ಕೆಳಸೇತುವೆ..."

ನಾನು ಕರೆದ ಹನ್ನೊಂದು ಸಲಕ್ಕೂ ಉತ್ತರ ಇತ್ತು. ಒಂದೂ ತಪ್ಪಿಲ್ಲ. ಅವನು ನನ್ನನ್ನ ಕೊನೇವರೆಗೂ ಕೇಳಿಸ್ಕೊಂಡಿದ್ದ. ದೋಣಿಯನ್ನ ನಾನು ಬೇರೆ ಕಡೆ ಕಳಿಸಿದ್ದನ್ನೂ ಕೇಳಿಸ್ಕೊಂಡಿದ್ದ.

ರೆಕಾರ್ಡು ಮುಗೀತು. ರೇಡಿಯೋ ಮುಗಿಯಲಿಲ್ಲ. ನೀರಿನ ಸದ್ದು ನಿಂತು, ಬರೀ ಉಸಿರು.

ವರ್ಲಿನ್ ಗುಂಡಿ ಒತ್ತಿದ. ಪಿಸುದನಿಯಲ್ಲಿ ಅಂದ, "ಹಾರ್ಲಿಸ್... ತಪ್ಪು ನಂದು ಕಣೋ."

ಖಶ್ಶ್...

"ಗೊತ್ತು," ಅಂತು ರೇಡಿಯೋ. "ನಂಗೆ ಯಾಕೆ ಹೇಳ್ತೀಯ... ನಾನು ಕರೆದಿದ್ದೆ ಅಂತ ಡ್ರೀಮಾಗೆ ಹೇಳು."

ಟಿಕ್. ಅಷ್ಟೇ.

ಗುರುವಾರ ದಳದ ಸಭೆ. ಡ್ರೀಮಾಳನ್ನೂ ಕರೆಸಿದ್ವಿ. ವರ್ಲಿನ್ ಎದ್ದು ನಿಂತು ಹೇಳ್ದ. ಬಾವಿ ವಿಷಯ ಹೇಳಲಿಲ್ಲ, ಖಾಲಿ ಕಾಲಂ ವಿಷಯ ಹೇಳ್ದ. ಬುಧವಾರವೇ ಗೊತ್ತಿತ್ತು ಅನ್ನೋದನ್ನೂ ಹೇಳ್ದ. ಅದನ್ನ ಮುಚ್ಚಿಡಬಹುದಿತ್ತು, ಯಾರಿಗೂ ತಿಳೀತಿರಲಿಲ್ಲ. ಆಮೇಲೆ ನಾನು ಎದ್ದು ನನ್ನ ಪಾಲಿನದ್ದು ಹೇಳಿದೆ. ಎಲ್ಡನ್ ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ಅವರು ಕರೆದ್ರು, ಅಲ್ವಾ?" ಅಂದ್ಲು ಡ್ರೀಮಾ.

"ಕರೆದ. ಬಿಡದೆ ಕರೆದ," ಅಂದ ವರ್ಲಿನ್.

"ಅಷ್ಟು ಸಾಕು ನನಗೆ." ಎದ್ದು ಬಾಗಿಲವರೆಗೂ ಹೋಗಿ ತಿರುಗಿದ್ಲು. "ನಿನ್ನನ್ನ ಕ್ಷಮಿಸಿದೀನಿ ಅಂದ್ಕೋಬೇಡ ವರ್ಲಿನ್. ನಿನ್ನನ್ನೂ ಅಷ್ಟೇ ಗ್ಲೆನ್ನಾ."

ಅಂದ್ಕೊಂಡಿಲ್ಲ. ಇವತ್ತಿಗೂ ಅಂದ್ಕೊಂಡಿಲ್ಲ.

ಭಾನುವಾರ ಸಂಜೆ ಕೊನೆಯ ಕರೆ. ಎಲ್ರೂ ಸಮಾಧಿ ಹತ್ರ. ಡ್ರೀಮಾ ಹಾರ್ಲಿಸ್‌ನ ರೇಡಿಯೋನ ಒಣಗಿಸಿಟ್ಟಿದ್ಲು, ಅದನ್ನ ಕೈಯಲ್ಲಿ ಹಿಡ್ಕೊಂಡು ಬಂದಿದ್ಲು. ಬ್ಯಾಟರಿ ನೀರು ಕುಡಿದು ಊದಿತ್ತು, ಅವನು ಸಿಕ್ಕ ದಿನವೇ ಬಿಚ್ಚಿ ಎಸೆದಿದ್ರು. ಹಿಂಭಾಗ ಪೂರ್ತಿ ಖಾಲಿ. ನಾನು ಕಂಟ್ರೋಲ್ ರೂಮಿನಲ್ಲಿ ಕೂತು ಕರೆದೆ.

"ನಾಲ್ಕು-ಹದಿನೇಳು."

ಏನಿಲ್ಲ.

"ನಾಲ್ಕು-ಹದಿನೇಳು."

ಏನಿಲ್ಲ.

"ನಾಲ್ಕು-ಹದಿನೇಳು... ಹಾರ್ಲಿಸ್."

ಟಿಕ್... ಟಿಕ್.

ಎರಡೇ ಸಲ. ನನ್ನ ಮುಂದೆ ಪೆಟ್ಟಿಗೆ ಬಾಗಿಲು ತೆಗೆದಾಗ ಮಾತ್ರ ಹೊತ್ತೋ ಹಸಿರು ದೀಪ, ಎರಡು ಸಲ ಹೊತ್ತಿ ಆರಿತು. ಗುಡ್ಡದ ಮೇಲಿಂದ ಬಂದಿದ್ದು ಅದು. ಇಡೀ ಜಿಲ್ಲೆಗೆ ಕೇಳಿಸ್ತು. ಯಾರು ಒತ್ತಿದ್ದು ಅಂತ ಆಮೇಲೆ ಎಲ್ಡನ್ ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳ್ದ. ಯಾರೂ ಒತ್ತಿರಲಿಲ್ಲ. ನಾನು ಆಗಲೇ ಮೈಕ್ ಒತ್ತಿ ಹೇಳಿದ್ದೆ, "ಕೇಳಿಸ್ತು, ನಾಲ್ಕು-ಹದಿನೇಳು. ಕೆಲಸ ಮುಗೀತು. ಮನೆಗೆ ಹೋಗು."

ಈಗ ವರ್ಲಿನ್ ಯಾರ ರೇಡಿಯೋ ಮುಗಿಸಿದ್ರೂ ಅಲ್ಲೇ ಗುಂಡಿ ಒತ್ತಿಸಿ ನನಗೆ ಕರೆ ಮಾಡಿಸ್ತಾನೆ. ನಡುರಾತ್ರಿ ಆದ್ರೂ ಸರಿ, ಎಷ್ಟು ಸಲ ಆದ್ರೂ ಸರಿ, "ಕೇಳಿಸ್ತು" ಅಂತೀನಿ. ಯಾರನ್ನೂ ಬೈದಿಲ್ಲ.

ಇನ್ನೊಂದು ಇದೆ, ಅದನ್ನ ಹೇಳಿ ಮುಗಿಸ್ತೀನಿ. ಆ ಭಾನುವಾರ ರಾತ್ರಿ ಡ್ರೀಮಾ ಆ ರೇಡಿಯೋನ ವರ್ಲಿನ್ ಮೇಜಿನ ಮೇಲಿಟ್ಟು, "ತೆಗೆದು ತೋರಿಸು, ನೀನು ಎಲ್ಲಿ ಬಿಟ್ಟಿದ್ದೆ ಅಂತ ನಾನು ನೋಡ್ಬೇಕು" ಅಂದ್ಲು. ನಾನೂ ಅಲ್ಲೇ ಇದ್ದೆ. ವರ್ಲಿನ್ ತನ್ನ ಬ್ಯಾಟರಿ ಹಾಕಿ ವೈರ್ ಚುಚ್ಚಿದ. ರೇಡಿಯೋ ಒಳಗಿನ ಪಟ್ಟಿ ಮೇಲೆ ಬಂತು. ಪಕ್ಕದಲ್ಲಿ ಅವನು ಜನವರಿಯಲ್ಲಿ ಮಾಡಿದ ಹಳೇ ಪಟ್ಟಿ ತೆರೆದಿಟ್ಟ. ಹಳೇದ್ರಲ್ಲಿ ನಾಲ್ಕನೇ ಚಾನೆಲ್ಲಿನ ಮಾತಾಡೋ ಕಾಲಂ ಖಾಲಿ. ಪ್ರವಾಹದಿಂದ ಈಚೆಗೆ ಆ ರೇಡಿಯೋಗೆ ಯಾರೂ ವೈರ್ ಚುಚ್ಚಿಲ್ಲ, ಡ್ರೀಮಾಳ ಕಪಾಟಿನಿಂದ ಅದು ಆಚೆ ಬಂದಿದ್ದೇ ಅವತ್ತು.

ನೀವು ನಂಬ್ತೀರೋ ಬಿಡ್ತೀರೋ, ನನ್ನ ಕಣ್ಣಾರೆ ನೋಡಿದೀನಿ, ಆಗಿದ್ದು ಆಗಿದ್ದೇ. ರೇಡಿಯೋ ಒಳಗಿನ ಪಟ್ಟಿಯಲ್ಲಿ ಆ ಕಾಲಮ್ಮಿನಲ್ಲಿ ನಮ್ಮ ಸ್ವರ, ನೂರ ಮೂರೂವರೆ ಅಂತ ಇತ್ತು.