ಎಡಗಡೆಯ ಪೆಟ್ಟಿಗೆ

ಸಂಜೆ ಹಿಡಿದ ಮಳೆ ಬಿಡುವ ಹಾಗೆ ಕಾಣಲಿಲ್ಲ. ಕೆಳಗಿನ ರಸ್ತೆಯಲ್ಲಿ ಬಸ್ಸುಗಳು ನಿಂತುಹೋಗಿದ್ದವು. ಅಜ್ಜಿಯನ್ನು ನೋಡಿಕೊಂಡು ಹೋಗಲು ಬಂದಿದ್ದ ನಾವು ಮೊಮ್ಮಕ್ಕಳು, ಜೊತೆಗೆ ನನ್ನ ಅಮ್ಮ, ಮೇಲಿನ ಮಹಡಿಯ ಆ ಪುಟ್ಟ ಮನೆಯಲ್ಲೇ ಉಳಿದುಕೊಂಡೆವು. ಹಾಸಿಗೆ ಹಾಸಿ ಗೋಡೆಗೆ ಒರಗಿ ಕೂತಾಗ ಮಾತು ಹೋದ ವರ್ಷ ತೀರಿಕೊಂಡ ತಾತನ ಕಡೆಗೆ ಹೊರಳಿತು. ನಮ್ಮಲ್ಲಿ ಯಾರೂ ಅವರ ದನಿ ಕೇಳಿದವರಲ್ಲ. ಹಿಂದೆ ಯಾವಾಗಲೋ ಜ್ವರ ಬಂದು ಮಾತು ಹೋಯಿತು ಎಂದಷ್ಟೇ ಗೊತ್ತಿತ್ತು. ತಾತನ ದನಿ ಹೇಗಿತ್ತು ಎಂದು ನನ್ನ ತಂಗಿ ಕೇಳಿದಳು. ಅಜ್ಜಿ ಕಿಟಕಿ ಮುಚ್ಚಿ ಬಂದು ನಮ್ಮ ನಡುವೆ ಕೂತಳು.

“ಜ್ವರ ಗಿರ ಏನೂ ಅಲ್ಲ. ಅದು ಊರಿಗೆಲ್ಲ ಹೇಳಿದ ಮಾತು. ನಿಜ ಕೇಳ್ಬೇಕಾ? ಕೇಳಿದ ಮೇಲೆ ನಿದ್ದೆ ಬರ್ಲಿಲ್ಲ ಅಂತ ನನ್ನ ಮೇಲೆ ಹಾಕ್ಬೇಡಿ ಮತ್ತೆ...

“ನಿಮ್ಮ ತಾತ ಮೋಟರ್ ರಿಪೇರಿ ಅಂಗಡೀಲಿ ತಂತಿ ಸುತ್ತೋ ಕೆಲಸ ಮಾಡ್ತಿದ್ರು. ಅವರ ಜೀವದ ಗೆಳೆಯ ಒಬ್ಬ ದರ್ಜಿ. ಇಬ್ಬರಿಗೂ ಒಂದೇ ಹುಚ್ಚು, ಹಾಡು ಕೇಳೋ ಆಂಪ್ಲಿಫೈಯರನ್ನ ಕೈಯಾರೆ ಕಟ್ಟೋದು. ಅಂಗಡಿಯಿಂದ ತಂದಿದ್ದು ಇವರಿಗೆ ಆಗಲ್ಲ. ಟ್ರಾನ್ಸ್‌ಫಾರ್ಮರ್ ತಾವೇ ಸುತ್ಬೇಕು, ತಗಡಿಗೆ ತಾವೇ ತೂತು ಕೊರೀಬೇಕು, ಬಲ್ಬಿನ ಹಾಗಿರೋ ಗಾಜಿನ ವಾಲ್ವುಗಳನ್ನ ಮೊಟ್ಟೆ ಥರ ಬಟ್ಟೇಲಿ ಸುತ್ಕೊಂಡು ತರ್ಬೇಕು. ಮನೆ ತುಂಬ ಬೆಸುಗೆ ಹೊಗೆ. ನನಗೆ ನಗು ಬರ್ತಿದ್ದಿದ್ದು ಯಾವುದಕ್ಕೆ ಗೊತ್ತಾ? ಇಷ್ಟೆಲ್ಲ ಪಾಡು ಪಟ್ಟು, ಹಾಡು ಹಾಕದೇನೇ ಇಬ್ಬರೂ ಸ್ಪೀಕರಿಗೆ ಕಿವಿ ಹಚ್ಚಿ ಕೂತ್ಕೊಳ್ಳೋರು. ಗುಂಯ್ ಅನ್ನೋ ಸದ್ದು ಒಂಚೂರು ಬಂದ್ರೂ ಮುಖ ಸಪ್ಪೆ. ಮತ್ತೆ ಬಿಚ್ಚು, ಮತ್ತೆ ಕಟ್ಟು. ಏನೂ ಕೇಳಿಸ್ಲಿಲ್ಲ ಅಂದ್ರೆ ಕುಣಿದಾಡಿಬಿಡೋರು.

“ಕೊನೆಗೆ ಒಂದು ಜೋಡಿ ಕಟ್ಟೋದು ಅಂತಾಯ್ತು. ಎರಡು ಮರದ ಪೆಟ್ಟಿಗೆ, ಒಂದೊಂದರಲ್ಲೂ ಒಂದು ಆಂಪ್ಲಿಫೈಯರ್, ಒಂದು ಸ್ಪೀಕರ್. ಎಡಗಡೆದು ದರ್ಜಿ ಕಟ್ಟಿದ, ಬಲಗಡೆದು ಇವರು. ಎರಡನ್ನೂ ಜೋಡಿಸೋಕೆ ಮುಂಚೆನೇ... ದರ್ಜಿ ಹೊಲಿಗೆ ಮಿಷನ್ ಮೇಲೆ ತಲೆ ಇಟ್ಟು ಹೋಗ್ಬಿಟ್ಟ. ಎದೆನೋವು. ಸ್ವಲ್ಪ ದಿನಕ್ಕೆ ಅವನ ಹೆಂಡತಿ ಆ ಪೆಟ್ಟಿಗೆ ತಂದು ನಮ್ಮ ಬಾಗಿಲಲ್ಲಿಟ್ಟಳು. ಇದು ಮನೇಲಿದ್ರೆ ನನಗೆ ಅನ್ನ ಸೇರಲ್ಲ ಅಂದ್ಲು. ದುಃಖಕ್ಕೆ ಹಾಗಂದ್ಲು ಅನ್ಕೊಂಡೆ ನಾನು.

“ರಜೆ ದಿನ ಮಧ್ಯಾಹ್ನ ಇವರು ಎರಡೂ ಪೆಟ್ಟಿಗೆ ಜೋಡಿಸಿ ರೆಕಾರ್ಡ್ ಹಾಕಿದ್ರು. ವಾಲ್ವು ಮೆಲ್ಲಗೆ ಕೆಂಪಾಯ್ತು, ಹಾಡು ಬಂತು. ಅಯ್ಯೋ, ಅದೇನು ಹಾಡು... ಹಾಡೋಳು ನಮ್ಮ ಕುರ್ಚಿ ಪಕ್ಕದಲ್ಲೇ ನಿಂತು ಉಸಿರು ತಗೊಳ್ತಿದಾಳೆ ಅನ್ನಿಸ್ತು. ಆ ಹಾಡಿನ ಒಳಗೆ ಇನ್ನೊಂದು ದನಿ. ಎಡಗಡೆಯಿಂದ. ಶ್ರುತಿ ಇಲ್ಲದೆ ಮೂಗಲ್ಲಿ ಗುನುಗೋ ದನಿ. ಹಾಡು ಕೇಳುವಾಗೆಲ್ಲ ಹಾಗೆ ಗುನುಗಿ ಇವರ ಹತ್ರ ಬೈಸ್ಕೊಳ್ತಿದ್ದೋನು ಒಬ್ಬನೇ... ಇವರು ಬೆಚ್ಚಿಬಿದ್ದು ರೆಕಾರ್ಡಿನ ಮುಳ್ಳು ಎತ್ತಿದ್ರು. ಹಾಡು ನಿಂತಿತು. ಗುನುಗೋದು ನಿಲ್ಲಲಿಲ್ಲ. ಆ ಸಾಲು ಪೂರ್ತಿ ಮುಗಿಸಿ, ಗಂಟಲು ಸರಿಮಾಡ್ಕೊಂಡು, ‘ಒಂಚೂರು ಜಾಸ್ತಿ ಮಾಡೋ’ ಅಂತು.

“ನಾನು ಎದ್ದು ಬಾಗಿಲಿಗೆ ಓಡಿದೆ. ಇವರು? ಕಣ್ಣಲ್ಲಿ ನೀರು ತುಂಬ್ಕೊಂಡು, ನಗ್ತಾ, ಗುಂಡಿ ತಿರುಗಿಸಿದ್ರು.

“ಅವತ್ತಿಂದ ದಿನಾ ಊಟದ ಹೊತ್ತಿಗೆ ಮನೆಗೆ ಬಂದು, ಬಾಗಿಲು ಹಾಕ್ಕೊಂಡು ಅವನ ಜೊತೆ ಮಾತು. ದಿನಾ ಗುಂಡಿ ಕೂದಲೆಳೆಯಷ್ಟು ಮುಂದೆ. ದರ್ಜಿ ದನಿ ತುಂಬ್ಕೊಳ್ತಾ ಬಂತು, ಬದುಕಿದ್ದಾಗ್ಲೂ ಅಷ್ಟು ಗಟ್ಟಿಯಾಗಿರ್ಲಿಲ್ಲ. ಇತ್ತ ಇವರ ದನಿ ತೆಳ್ಳಗಾಗ್ತಾ ಹೋಯ್ತು. ಅಂಗಡೀಲಿ ಗಂಟಲಿಗೆ ಏನಾಯ್ತು ಅಂತ ಕೇಳೋರು. ಡಾಕ್ಟರು ಬಾಯೊಳಗೆ ಬೆಳಕು ಬಿಟ್ಟು ನೋಡಿ, ಎಲ್ಲ ಸರಿಯಾಗಿದೆ ಅಂದ್ರು. ನೀವೇ ಹೇಳಿ, ಆಂಪ್ಲಿಫೈಯರ್ ಅನ್ನೋದು ಸುಮ್ಮಸುಮ್ಮನೆ ಸದ್ದು ಹೆಚ್ಚಿಸುತ್ತಾ? ಎಲ್ಲಿಂದಲೋ ಶಕ್ತಿ ಎಳ್ಕೊಂಡೇ ತಾನೆ ಸಣ್ಣದನ್ನ ದೊಡ್ಡದು ಮಾಡೋದು? ಅದನ್ನ ನನಗೆ ಹೇಳಿಕೊಟ್ಟಿದ್ದೇ ಇವರು...

“ಒಂದಿನ ಅಡುಗೆಮನೆ ಬಾಗಿಲಲ್ಲಿ ನಿಂತು ಬಾಯಿ ಆಡಿಸಿದ್ರು. ಏನೂ ಕೇಳಿಸ್ಲಿಲ್ಲ. ಏನ್ರೀ ಅಂದೆ. ಮತ್ತೆ ತುಟಿ ಆಡಿತು. ಆಗ ಆ ಕೋಣೆಯಿಂದ, ಬಲಗಡೆ ಪೆಟ್ಟಿಗೆಯಿಂದ, ಇವರದೇ ದನಿ... ‘ಕುಡಿಯೋಕೆ ನೀರು ಕೊಡೇ’ ಅಂತು.”

ಮಳೆ ಕಿಟಕಿಯ ಗಾಜಿಗೆ ಬಡಿಯುತ್ತಿತ್ತು. ನನ್ನ ತಂಗಿ ಹೊದಿಕೆಯನ್ನು ಕೊರಳವರೆಗೆ ಎಳೆದುಕೊಂಡಳು.

“ನಾನು ಅತ್ತು ಕರೆದು ಜಗಳ ಆಡಿದೆ, ಎರಡನ್ನೂ ಸುಟ್ಟು ಹಾಕ್ತೀನಿ ಅಂದೆ. ಇವರು ನನ್ನ ಕೈ ಹಿಡಿದು ಆ ಕೋಣೆಗೆ ಕರ್ಕೊಂಡು ಹೋದ್ರು. ಮಾತಾಡ್ಬೇಕು ಅಂದ್ರೆ ಅಲ್ಲಿಗೇ ಹೋಗ್ಬೇಕಾಗಿತ್ತಲ್ಲ... ‘ಅವನಿರೋ ಕಡೆ ಒಂದು ಸದ್ದೂ ಇಲ್ವಂತೆ ಕಣೇ. ಗುಂಯ್ ಅನ್ನೋದೂ ಇಲ್ಲ. ನಾವಿಬ್ಬರೂ ಹುಡುಕ್ತಿದ್ವಲ್ಲ, ಆ ನಿಶ್ಶಬ್ದ. ಅದರಲ್ಲಿ ಒಬ್ಬನೇ ಕೂತಿದಾನೆ. ಹೇಗೆ ಬಿಡ್ಲಿ ಹೇಳು?’ ಮಾತು ಪೆಟ್ಟಿಗೆಯಿಂದ ಬರ್ತಿತ್ತು, ಇವರು ನನ್ನ ಮುಖ ನೋಡ್ತಿದ್ರು. ಪಾಪ ಅನ್ನಿಸ್ತು ನನಗೂ. ಸುಡೋ ಮಾತು ಬಿಟ್ಟೆ. ಅಷ್ಟರಲ್ಲಿ ಇವಳು ನಡೆಯೋದು ಕಲಿತಿದ್ಲು.”

ಅಜ್ಜಿ ನನ್ನ ಅಮ್ಮನ ಕಡೆ ಕೈ ತೋರಿಸಿದಳು.

“ಆಗ ತೊದಲು ಮಾತಾಡೋ ಕೂಸು. ಒಂದು ಮಧ್ಯಾಹ್ನ ಬಟ್ಟೆ ಒಣಹಾಕಿ ಒಳಗೆ ಬರ್ತೀನಿ, ಎಡಗಡೆ ಪೆಟ್ಟಿಗೆ ಮುಂದೆ ಕೂತು ಸ್ಪೀಕರಿನ ಬಟ್ಟೆಗೆ ಬಾಯಿ ಹಚ್ಚಿದಾಳೆ. ಒಳಗಿಂದ ದರ್ಜಿ, ಮೆತ್ತಗೆ, ಜೋಗುಳ ಹಾಡೋ ಹಾಗೆ, ‘ಇನ್ನೊಂದ್ಸಲ ಹೇಳು ಪುಟ್ಟಾ, ಇನ್ನೊಂದ್ಸಲ’ ಅಂತಿದಾನೆ. ಎಳೆದು ಎತ್ಕೊಂಡೆ. ಮಗು ಬಾಯಿ ಅಗಲಿಸಿ ಅಳ್ತು. ಮುಖ ಕೆಂಪಾಯ್ತು, ಕಣ್ಣೀರು ಸುರೀತು... ಸದ್ದಿಲ್ಲ. ಅಳು ಪೆಟ್ಟಿಗೆ ಒಳಗಿಂದ ಬರ್ತಿತ್ತು.

“ಪ್ಲಗ್ ಕೀಳೋಕೆ ಹೋದೆ. ಇವರು ಓಡಿಬಂದು ಅಡ್ಡ ನಿಂತ್ರು. ನಾನು ಮಗೂನ ಅವರ ಮುಖದ ಹತ್ರ ಹಿಡಿದೆ. ಆ ಬಾಯಿ ನೋಡಿದ್ರು... ಪಕ್ಕಕ್ಕೆ ಸರಿದ್ರು. ಬಲಗಡೆ ಪೆಟ್ಟಿಗೆ ‘ತೆಗಿ’ ಅಂತು. ಅದೇ ಅವರ ಕೊನೇ ಮಾತು. ಕಿತ್ತೆ. ಮಗುವಿನ ಅಳು ಅದರ ಬಾಯಿಗೆ ವಾಪಸ್ ಬಂತು. ಇವರದು ಬರ್ಲಿಲ್ಲ. ಹೋಗಿ ತುಂಬ ದಿನ ಆಗಿತ್ತಲ್ಲ...”

ಅಮ್ಮ ತನ್ನ ಕೊರಳನ್ನು ಮುಟ್ಟಿಕೊಂಡಳು. ಈ ಕತೆ ಅವಳಿಗೂ ಹೊಸದು ಎಂದು ಅವಳ ಮುಖವೇ ಹೇಳುತ್ತಿತ್ತು. ಆ ಪೆಟ್ಟಿಗೆಗಳು ಏನಾದವು ಎಂದು ನಾನು ಕೇಳಿದೆ.

“ದರ್ಜಿದನ್ನ ಇವರೇ ಬಿಚ್ಚಿದ್ರು. ವಾಲ್ವು ಒಡೆದು, ತಂತಿ ತುಂಡು ತುಂಡು ಮಾಡಿದ್ರು, ಅಳ್ತಾ. ತಮ್ಮದನ್ನ ಇಟ್ಕೊಂಡ್ರು, ಆದ್ರೆ ಬದುಕಿರೋ ತನಕ ಆನ್ ಮಾಡ್ಲಿಲ್ಲ. ಅವರು ಹೋದ ಮೇಲೆ... ನಾನು ಮಾಡಿದೆ. ಯಾಕೆ ಅಂತೀರಾ? ಇಡೀ ಬದುಕು ಜೊತೆಗಿದ್ದ ಮನುಷ್ಯನ ದನಿ ನನಗೆ ಮರೆತುಹೋಗಿತ್ತು ಕಣ್ರೇ. ಹೇಗಿತ್ತು ಅಂತ ಎಷ್ಟು ನೆನೆಸ್ಕೊಂಡ್ರೂ ಸಿಗ್ತಿರ್ಲಿಲ್ಲ. ಈಗ ದಿನಾ ಮಾತಾಡ್ತಾರೆ. ಹೊಸದಾಗಿ ಮದುವೆ ಆದಾಗಿನ ದನಿ. ನನ್ನದು ಸ್ವಲ್ಪ ಇಳಿದಿದೆ, ವಯಸ್ಸು ಅನ್ಕೊಂಡಿರ್ತೀರಿ ನೀವು...”

ಅಜ್ಜಿ ಎದ್ದು ಒಳಕೋಣೆಯ ಬಾಗಿಲನ್ನು ಮೆಲ್ಲಗೆ ತಳ್ಳಿದಳು. ಕತ್ತಲೆಯಲ್ಲಿ, ನೆಲದ ಹತ್ತಿರ, ಸಣ್ಣಗೆ ಕೆಂಪು ಬೆಳಕು ಕಂಡಿತು.

“ಮೊಮ್ಮಕ್ಕಳ ದನಿ ಇನ್ನೊಂದ್ಸಲ ಕೇಳ್ಬೇಕು ಅಂತ ನಿಮ್ಮ ತಾತ ತುಂಬ ದಿನದಿಂದ ಕೇಳ್ತಿದ್ರು. ಅದಕ್ಕೇ ನೀವು ಬಂದಾಗಿಂದ ಆನ್ ಮಾಡೇ ಇಟ್ಟಿದೀನಿ... ಯಾಕೆ, ಎಲ್ಲರೂ ಸುಮ್ಮನಾದ್ರಿ? ಮಾತಾಡಿ.”