ನೀರು ಹೆಚ್ಚ್ಯಾವ್ರಿ

ಹಳೇ ಕತೆಯಲ್ಲ, ಹೋದ ಬೇಸಿಗೆಯದು. ರಾಜಾರಾಮನ ಕಣ್ಣೆದುರಿಗೇ ಆದದ್ದು.

ಅವನು ಅಕ್ಕನ ಗಂಡ, ಅಂದರೆ ದಾಜಿ, ವಿಕ್ರಾಂತನ ಜೊತೆ ಅಂಗಡಿ ಮುಚ್ಚಿ, ಐಗಳಿ ಊರಿನ ಹಳೇ ಬಾವಿಯ ಹಾದಿಯಲ್ಲಿ ಮನೆಗೆ ಹೊರಟಿದ್ದ. ಬಾವಿಯ ಪಕ್ಕ ವಿಕ್ರಾಂತನ ಫಿಲ್ಟರ್ ನೀರಿನ ಮಶೀನು. ಕಾರ್ಡ್ ತೋರಿಸಿದರೆ ತಾನೇ ಕೊಡ ತುಂಬುತ್ತದೆ, ತಾನೇ ಮಾತಾಡುತ್ತದೆ. ದನಿ ಮಾತ್ರ ಶಿವಗಂಗವ್ವನದು.

ಮೊದಲು ಅಲ್ಲಿ ಕೂತು ನಳ ತಿರುವುತ್ತಿದ್ದವಳು ಅವಳೇ. ಆ ದನಿಗೇ ಗಿರಾಕಿ ನಿಲ್ಲುತ್ತಿತ್ತು. ವಿಕ್ರಾಂತ ಒಂದು ಸೀರೆ ಕೊಟ್ಟು ಅವಳ ದನಿಯನ್ನು ಮಶೀನಿಗೆ ತುಂಬಿಸಿದ. ಮರುದಿನ ಅವಳನ್ನು ಕೆಲಸದಿಂದ ಬಿಡಿಸಿದ. ಕಾರ್ಡ್ ಕೊಡಲಿಲ್ಲ. ಉರಿಬಿಸಿಲಲ್ಲಿ ಅವಳು ಕೊಡ ಹಿಡಿದು ಬಂದರೆ, ಅವಳದೇ ದನಿ ಅವಳಿಗೇ ಹೇಳಿತು: "ಕಾರ್ಡ್ ಇಲ್ಲದವರು ಸರೀರಿ." ಸರಿದಳು. ಹಳೇ ಬಾವಿಯಲ್ಲಿ ಸೇದಲು ಹೋಗಿ ಕಾಲು ಜಾರಿತು...

"ಆ ದನಿ ತಗಸ್ರಿ ದಾಜಿ," ಅಂದಿದ್ದ ರಾಜಾರಾಮ.

"ಯಾಕ? ಸೀರಿ ಕೊಟ್ಟೀನಿ, ದನಿ ನಂದು. ಸತ್ತಾಕಿ ಪಗಾರ ಕೇಳಾಂಗಿಲ್ಲ."

ಆ ರಾತ್ರಿ ಬಾವಿ ದಾಟುವಾಗ... ಟಿಣ್. ಮಶೀನಿನ ಮುಂದೆ ಯಾರೂ ಇಲ್ಲ.

"ನೀರು ಹೆಚ್ಚ್ಯಾವ್ರಿ."

ನಮ್ಮ ಕಡೆ ದೀಪ ಆರಿತು ಅನ್ನುವುದಿಲ್ಲ, ಬಳೆ ಒಡೆಯಿತು ಅನ್ನುವುದಿಲ್ಲ. ಹೆಚ್ಚಿತು ಅನ್ನುತ್ತೇವೆ. ಮುಗಿಯಿತು ಅಂದರೆ ಬರಕತ್ತು ಹೋಗುತ್ತದೆ. ನೀರಿನ ಟಾಕಿ ಬರಿದಾದಾಗ ಶಿವಗಂಗವ್ವ ಹಾಗೇ ಅನ್ನುತ್ತಿದ್ದಳು. ಮಶೀನೂ ಹಾಗೇ ಅನ್ನುತ್ತಿತ್ತು.

"ಖಾಲಿ ಆತಲ್ಲೋ," ವಿಕ್ರಾಂತ ಹಲ್ಲು ಕಡಿದ. ಬೆಳಗಾದರೆ ಮುರಗೆಪ್ಪನ ಮಗಳ ಮದುವೆಗೆ ನೀರು ಹೋಗಬೇಕು. ತಪ್ಪಿದರೆ ಊರ ಮದುವೆಗಳೆಲ್ಲ ನೀರು ಮಾರುವ ಎದುರಾಳಿಯ ಪಾಲು. "ಪೈಪಿನ್ಯಾಗ ಕಸ ಸಿಕ್ಕಿರಬೇಕು. ಇಳದ ನೋಡ್ತೀನಿ."

"ಮುಂಜಾನೆ ನೋಡೂಣ್ರಿ..."

"ಅಂಜಬುರಕ! ಬ್ಯಾಟರಿ ಹಿಡಿ ಲೇ."

ನೆಲದೊಳಗಿನ ಟಾಕಿಯ ಕಬ್ಬಿಣದ ಮುಚ್ಚಳ ಕಿರ್‍ರ್ ಅಂದಿತು. ಒಳಗೆ ಒಣ ಸಿಮೆಂಟು. ವಿಕ್ರಾಂತ ಏಣಿ ಹಿಡಿದು ತಳ ಮುಟ್ಟಿದ.

ಟಿಣ್. "ನೀರು ಹೆಚ್ಚ್ಯಾವ್ರಿ."

"ಮೋಟರ್ ಹಚ್ಚಿದಿ ಏನಲೇ? ಮಣಕಾಲಿಗೆ ಬಂದಾವ!"

ರಾಜಾರಾಮ ಬೆಳಕು ಹಿಡಿದ. ದಾಜಿಯ ಕಾಲ ಕೆಳಗೆ ಧೂಳು. "ಎಲ್ಲಿ ನೀರ್ರಿ? ಒಣಾ ಐತಿ..."

"ನಡಕ್ಕ ಬಂದ್ವು... ಏಣಿ ಜಾರಾಕತ್ತೈತಿ... ಕೈ ಕೊಡೋ!"

ರಾಜಾರಾಮ ಬೋರಲು ಮಲಗಿ ಕೈ ಚಾಚಿದ. ಬೆರಳು ಸಿಕ್ಕವು. ಹಿಮದಂಥ ಬೆರಳು... ಜಾರಿದವು. ಗಳ್... ಗಳ್... ಗಳ್. ಕೊಡ ಮುಳುಗುವ ಸದ್ದು. ಒಣ ಟಾಕಿಯ ನಡುವೆ ವಿಕ್ರಾಂತ ಕತ್ತು ಮೇಲೆತ್ತಿ, ಬಾಯಿ ತೆರೆದು, ಗಾಳಿಯಲ್ಲಿ ಕೈ ಬಡಿಯುತ್ತಿದ್ದ.

"ಯವ್ವಾ, ತಪ್ಪಾತು... ಬಿಡಬೇ..."

ಮೇಲಿನಿಂದ ಅದೇ ಜೇನಿನಂಥ ದನಿ: "ಕಾರ್ಡ್ ಇಲ್ಲದವರು ಸರೀರಿ."

ಆಮೇಲೆ ಸದ್ದಿಲ್ಲ.

ಮುರಗೆಪ್ಪನ ಮನೆಗೆ ನೀರು ಎದುರಾಳಿಯೇ ಕೊಟ್ಟ. ಮದುವೆ ನಿಲ್ಲುತ್ತದೆಯೇ?

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಹೆಣ ಮೇಲೆತ್ತುವಾಗ ಒಂದು ಕಾಲು ಹಿಡಿದವನು ನಾನು. ಅಂಗಿ ಗರಿಗರಿ ಒಣಗಿತ್ತು. ಬಾಯಿಂದ ಮಾತ್ರ ನೀರು ಸುರಿಯಿತು... ಫಿಲ್ಟರ್ ನೀರಲ್ಲ. ಬಾವಿಯ ಪಾಚಿ ನಾರುತ್ತಿತ್ತು.