ನಿಮ್ಮಣ್ಣನ ಪಾಲಿನ ಅಣಬೆ

ಇಲ್ಲ ಇಲ್ಲ ಅಂತ ತಲೆ ಅಲ್ಲಾಡಿಸಬೇಡ. ನಾದಿನಿ ಅಂತ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಇವತ್ತು ಕೇಳೇ ಬಿಡ್ತೀನಿ. ನಿಮ್ಮಣ್ಣ ಅಂಗಡಿ ಬಾಗಿಲು ಹಾಕ್ಕೊಂಡು ಸಂಜೆ ನಿಮ್ಮನೆಗೆ ಬರ್ತಾರಲ್ಲ, ಆವಾಗ ಏನು ತಿನ್ನೋಕೆ ಕೊಡ್ತೀಯ?

ಬರೀ ಟೀನಾ? ಸಕ್ಕರೆ ಇಲ್ದೇನಾ? ಹ್ಞೂಂ... ನಂಬಿದೆ ಅಂತಲೇ ಇಟ್ಕೋ.

ಯಾಕೆ ನಗ್ತೀಯ? ನಗೋ ವಿಷಯ ಅಲ್ಲ ಇದು. ಬೆಳಿಗ್ಗೆ ರಿಪೋರ್ಟ್ ಬಂತು. ಒಂದಿನದ್ದಲ್ಲ, ಮೂರು ತಿಂಗಳ ಜಾತಕ ಬಿಚ್ಚಿಡುತ್ತಲ್ಲ, ಆ ಪರೀಕ್ಷೆ. ಶುಗರ್ ಇಳಿಯೋದಿರಲಿ, ಏರಿ ಕೂತಿದೆ. ಕಣ್ಣಿನ ಒಳಗಡೆ ರಕ್ತನಾಳ ಸೋರೋಕೆ ಶುರುವಾಗಿದೆಯಂತೆ. ಹೀಗೇ ಬಿಟ್ರೆ ದೃಷ್ಟಿ ಉಳಿಯೋದು ಕಷ್ಟ ಅಂದ್ರು ಡಾಕ್ಟರು. ಗಡಿಯಾರ ರಿಪೇರಿ ಮಾಡೋರಿಗೆ ಕಣ್ಣು ಹೋದ್ರೆ ಇನ್ನೇನು ಉಳೀತು ಹೇಳು. ನಿನ್ನೆ ಒಂದು ಸ್ಕ್ರೂ ಬಿತ್ತು ಅಂತ ನೆಲದ ಮೇಲೆ ಕೈಯಾಡಿಸ್ತಾ ಕೂತಿದ್ರು. ಅದು ಅವರ ಮೊಣಕಾಲ ಪಕ್ಕದಲ್ಲೇ ಬಿದ್ದಿತ್ತು ಕಣೇ. ನಾನೇ ಎತ್ತಿ ಕೈಗಿಟ್ಟೆ.

ಮಾತ್ರೆನಾ? ನನ್ನ ಕೈಯಾರೆ ಕೊಟ್ಟು, ನುಂಗೋವರೆಗೂ ಎದುರಿಗೇ ನಿಂತಿರ್ತೀನಿ. ಊಟನೂ ಅಷ್ಟೇ. ಆಲೂಗಡ್ಡೆ ಬಿಡಿಸಿ, ಅನ್ನ ಕಮ್ಮಿ ಮಾಡಿ, ಅಣಬೆ ಕೊಡಿ, ಅದ್ರಲ್ಲಿ ಶುಗರ್ ಏರಿಸೋ ಅಂಥದ್ದು ಹೆಚ್ಚೇನಿಲ್ಲ ಅಂತ ಆಸ್ಪತ್ರೆಯಲ್ಲಿ ಪಥ್ಯ ಹೇಳೋ ಹೆಣ್ಮಗಳು ಅಂದ್ಳು. ಅವತ್ತಿಂದ ದಿನಾ ಅಣಬೆ. ಅಣಬೆ ಮಾರೋನಿಗೆ ನನ್ನ ಕಂಡ್ರೆ ಭಯ, ಒಂದೊಂದೇ ತಿರುಗಿಸಿ ಮೂಸಿ ತಗೋತೀನಿ. ಮತ್ತೆ ಶುಗರ್ ಎಲ್ಲಿಂದ ಏರುತ್ತೆ? ಆಕಾಶದಿಂದ ಉದುರುತ್ತಾ? ಲ್ಯಾಬಿನವರ ಮೇಲೂ ಅನುಮಾನ ಬಂತು. ಒಗೆಯೋ ಮುಂಚೆ ಇವರ ಅಂಗಿ ಜೇಬೂ ಮೂಸಿದೀನಿ, ಬರೀ ಗಡಿಯಾರದ ಎಣ್ಣೆ ವಾಸನೆ. ಉಳಿದವಳು ನೀನೊಬ್ಬಳೇ.

ಏನು... ಅಣಬೆ ಕಂಡ್ರೆ ಮೂಗು ಮುರೀತಿದ್ದೋರು ಈಗ ಹೇಗೆ ತಿಂತಾರೆ ಅಂತಲಾ? ತಿಂತಾರೆ. ಬಟ್ಟಲು ಬಳಿದು ತಿಂತಾರೆ. ಮೊದಮೊದಲು ಎರಡು ತುತ್ತಿಗೇ ಎದ್ದು ಹೋಗ್ತಿದ್ರು. ನಾನು ಒಬ್ಬಳೇ ಕೂತು... ಬಿಡು. ಈಗ ನಿನ್ನ ಕೈರುಚಿನೇ ಬೇರೆ ಅಂತ ನನಗೇ ಹೇಳ್ತಾರೆ.

ಏ, ಆ ಮುಚ್ಚಳ ಯಾಕೆ ತೆಗೀತೀಯ? ಅದು ನಿಮ್ಮಣ್ಣನ ಪಾಲು. ನಿನಗೆ ಬೇರೆ ಮಾಡಿಕೊಡ್ತೀನಿ ತಡಿ... ತಿಂದೇ ಬಿಟ್ಯಾ.

ಯಾಕೆ ಹಾಗೆ ನೋಡ್ತೀಯ? ಉಪ್ಪು ಜಾಸ್ತಿ ಆಯ್ತಾ?

ಏನು, ಸಿಹಿನಾ?

ಈರುಳ್ಳಿ ಅದು. ಕೆಂಪಗೆ ಹುರಿದ್ರೆ ಸಿಹಿ ಬಿಡುತ್ತೆ, ನಿನಗೆ ಗೊತ್ತಿಲ್ವಾ? ಸಕ್ಕರೆ ಡಬ್ಬಿ ಕಡೆ ಯಾಕೆ ನೋಡ್ತೀಯ?

ಒಂದು ಚಿಟಿಕೆ ಹಾಕಿದ್ದೆ. ಬಣ್ಣಕ್ಕೆ. ಆಮೇಲೆ ಒಂದು ಚಮಚ... ಇನ್ನೊಂಚೂರು ಬಡಿಸು ಅಂತ ಅವರು ಬಟ್ಟಲು ಮುಂದೆ ಚಾಚಿದ ದಿನ ನೀನಿರಬೇಕಿತ್ತು. ಕಾಯಿಲೆ ಬಂದಮೇಲೆ ಅದೇ ಮೊದಲು, ನನ್ನ ಮುಖ ನೋಡ್ಕೊಂಡು ಊಟ ಮಾಡಿದ್ರು. ಅಣಬೆ ಒಳ್ಳೇದು ಮಾಡುತ್ತಲ್ಲ, ಜೊತೆಗೆ ಇಷ್ಟು ಸಿಹಿ ಹೋದ್ರೆ ಏನಾಗುತ್ತೆ ಅಂತ... ಈಗ ಎಷ್ಟು ಹಾಕ್ತೀನಿ ಅಂತ ಮಾತ್ರ ಕೇಳಬೇಡ.

ಬೈಯೋದಾದ್ರೆ ಬೈದುಬಿಡು.

ಅವರೇ... ಗೋಡೆ ಸವರಿಕೊಂಡು ಮೆಟ್ಟಿಲು ಹತ್ತುತಿದಾರೆ, ಕೇಳಿಸ್ತಾ? ಬಂದ ತಕ್ಷಣ ಬಟ್ಟಲು ಕೇಳ್ತಾರೆ. ನಾನೇನು ಬಡಿಸ್ಲಿ?